ಬಿಂದುಮೀಮಾಂಸೆ: ಹರವೆ ಹೋಬಳಿಯನ್ನು ಅನುಲಕ್ಷಿಸಿ

ಸೂರ್ಯನ ಕಡೆ ಮೊಬೈಲು ತಿರುಗಿಸಿ ಫೋಟೊ ತೆಗೆದಾಗ ಕರೆಯದೇ ಬಂದು ಕೂರುವ ಹಸಿರು, ನೇರಳೆ ಚುಕ್ಕಿಗಳನ್ನು ಈವರೆಗಿನ ಕನ್ನಡ ಸಂಶೋಧನೆ ಅಂಚಿಗೆ ತಳ್ಳಿದೆ. (ಎಷ್ಟೋ ಸಲ ಅವು ಇರುವುದೇ ಅಂಚಿನಲ್ಲಿ. ಆದರೆ ‘ಅಂಚಿಗೆ ತಳ್ಳಿದೆ’ ಎನ್ನದ ಪ್ರಬಂಧಕ್ಕೆ ಪ್ರಮಾಣಪತ್ರ ಸಿಗುವುದಿಲ್ಲವಂತೆ.) ಆ ಕೊರತೆಯನ್ನು ತುಂಬುವ ವಿನಮ್ರ ಪ್ರಯತ್ನವಿದು. ಅಧ್ಯಯನದ ವ್ಯಾಪ್ತಿ: ಚಾಮರಾಜನಗರ ತಾಲ್ಲೂಕಿನ ಹರವೆ ಹೋಬಳಿ ಹಾಗೂ ನೆರೆಯ ಗುಂಡ್ಲುಪೇಟೆಯ ಹೊಲಗಳು. ಅಧ್ಯಯನದ ಮಿತಿ: ನನ್ನ ಮೊಬೈಲಿನ ಚಾರ್ಜು.

ಮೊದಲು ಪರಿಭಾಷೆ. ಊರವರು ಇದನ್ನು ‘ಚುಕ್ಕಿ’ ಅನ್ನುತ್ತಾರೆ. ಎಲ್ಲರಿಗೂ ಅರ್ಥವಾಗಿಬಿಡುವ ದೋಷವಿರುವುದರಿಂದ ಆ ಪದವನ್ನು ಕೈಬಿಡಲಾಗಿದೆ. ಅದರ ಸ್ಥಾನದಲ್ಲಿ ‘ಸೂರ್ಯಾಭಿಮುಖ-ಪ್ರತಿಫಲನಜನ್ಯ-ವರ್ಣಬಿಂದು’ ಎಂಬುದನ್ನು ಬಳಸಲಾಗುವುದು, ಸಂಕ್ಷಿಪ್ತವಾಗಿ ‘ಸೂಪ್ರವ’. ಸೂಪ್ರವದ ಕಥನವನ್ನು ಅದರ ಸಾಂಸ್ಕೃತಿಕ ಪರಿಪ್ರೇಕ್ಷ್ಯದಲ್ಲಿ ಮುಖಾಮುಖಿಯಾಗಿಸಿ, ಅನುಸಂಧಾನದ ನೆಲೆಯಿಂದ ವಾಗ್ವಾದಕ್ಕೆ ಒಡ್ಡುವುದು ಇಲ್ಲಿಯ ಆಶಯ. ಈ ವಾಕ್ಯ ನನ್ನದಲ್ಲ ಎಂಬ ಗುಮಾನಿ ಬರಬಹುದು. ನನ್ನದೇ. ಆದರೆ ಇದರ ಅಣ್ಣತಮ್ಮಂದಿರನ್ನು ಎರಡು ದಿನಗಳ ರಾಷ್ಟ್ರೀಯ ವಿಚಾರಸಂಕಿರಣವೊಂದರಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಕೇಳಿಸಿಕೊಂಡಿದ್ದೇನೆ. ವಿಷಯ ‘ಬೆಳಕು ಮತ್ತು ದೇಸಿ ಅಸ್ಮಿತೆ’. ಸಂಜೆ ವೇದಿಕೆಯ ಗ್ರೂಪ್ ಫೋಟೊ ತೆಗೆದಾಗ ಹಿಂದಿನ ಕಿಟಕಿಯ ಬಿಸಿಲು ನೇರ ಕ್ಯಾಮೆರಾಗೆ ಬಡಿದು, ಬೆಳಕಿನ ತಜ್ಞರೆಲ್ಲ ಮಂಜಿನೊಳಗಿನ ಗೂಟಗಳಂತೆ ಬಂದಿದ್ದರು. ಪಕ್ಕಕ್ಕೆ ನಾಲ್ಕು ಹೆಜ್ಜೆ ಸರಿಯಿರಿ ಅಂತ ಹೇಳಬಲ್ಲವನು ಇಡೀ ಸಭಾಂಗಣದಲ್ಲಿ ಒಬ್ಬನೇ ಇದ್ದ. ಅವನು ಉಪ್ಪಿಟ್ಟು ಬಡಿಸುತ್ತಿದ್ದ.

ಕ್ಷೇತ್ರಕಾರ್ಯಕ್ಕೆ ಸೂರ್ಯಕಾಂತಿ ಹೊಲಗಳನ್ನು ಆರಿಸಿಕೊಳ್ಳಲಾಯಿತು. ಮುಂಗಾರಿನಲ್ಲಿ ಗುಂಡ್ಲುಪೇಟೆ ಹೆದ್ದಾರಿಯ ಎರಡೂ ಬದಿ ಹಳದಿಯಾದಾಗ, ಊಟಿ, ವಯನಾಡು, ಬಂಡೀಪುರ ಕಡೆಯಿಂದ ಬರುವ ಕಾರುಗಳು ಹೊಲದ ಬದುವಿಗೆ ಸಾಲುಗಟ್ಟುತ್ತವೆ. ರೈತರೂ ಈಗ ಒಂದಿಷ್ಟು ಕಾಸು ಇಸಕೊಂಡೇ ಒಳಗೆ ಬಿಡುವುದು. ತುಳಿಸಿಕೊಂಡ ಗಿಡದ ಲೆಕ್ಕ ಅವರಿಗಲ್ಲದೆ ಇನ್ಯಾರಿಗೆ ಗೊತ್ತು? ಇಲ್ಲಿ ಸೂಪ್ರವವು ಸಂಜೆ ಹೊತ್ತು ವಿಪರೀತ, ಬೆಳಿಗ್ಗೆ ಅಪರೂಪ. ಸೂರ್ಯಕಾಂತಿ ದಿನವಿಡೀ ಸೂರ್ಯನ ಹಿಂದೆ ತಿರುಗುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಬರೆದು ಅಂಕ ತೆಗೆದುಕೊಂಡವರು. ತಿರುಗುವುದು ಎಳೆಯ ಮೊಗ್ಗು ಮಾತ್ರ. ಬಲಿತು ಅರಳಿದ ಹೂವು ಪೂರ್ವಕ್ಕೆ ಮುಖ ಮಾಡಿ ನಿಂತುಬಿಡುತ್ತದೆ. ಆದ್ದರಿಂದ ಸಂಜೆ ಬಂದವರು ಹೂವಿನ ಮುಖ ಬೇಕೆಂದರೆ ಪಡುವಣಕ್ಕೇ ಕ್ಯಾಮೆರಾ ಹಿಡಿಯಬೇಕು. ಪಡುವಣದಲ್ಲಿ ಸೂರ್ಯ ಕಾದು ಕೂತಿರುತ್ತಾನೆ. ಬೆಳಿಗ್ಗೆ ಏಳಕ್ಕೆ ಬಂದವನಿಗೆ ಹೂವು, ಬಿಸಿಲು ಎರಡೂ ಒಲಿಯುತ್ತವೆ. ಆದರೆ ಏಳಕ್ಕೆ ಅವನು ಲಾಡ್ಜಿನಲ್ಲಿ ಮಲಗಿರುತ್ತಾನೆ.

ಈಗ ಪೂರ್ವಪಕ್ಷ. ಒಂದು, ದೈವವಾದ: ಗೋಪಾಲಸ್ವಾಮಿ ಬೆಟ್ಟದಲ್ಲಿ ತೆಗೆದ ಫೋಟೊದ ಹಸಿರು ಬೊಟ್ಟು ಸಾಕ್ಷಾತ್ ಸ್ವಾಮಿಯ ಜ್ಯೋತಿ, ಹನ್ನೊಂದು ಜನಕ್ಕೆ ಕಳಿಸಿ. ಎರಡು, ಸಂಶಯವಾದ: ಫೋಟೊ ತಿದ್ದಲಾಗಿದೆ. ಮೂರು, ಕಥನವಾದ: ಬಿಂದುವೆಂಬುದಿಲ್ಲ, ಬಿಂದುವಿನ ನಿರೂಪಣೆಯಷ್ಟೇ ಇದೆ. ಮೂರನೆಯ ಪಂಥದವರಿಗೆ ಟಿ.ಎ., ಡಿ.ಎ. ಇದೆ.

ಸಿದ್ಧಾಂತ ಹೀಗಿದೆ. ಬರೀ ಗಾಜಿನ ಒಂದೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 4 ಪಾಲನ್ನು ವಾಪಸು ಕಳಿಸುತ್ತದೆ. ಹಾಗೆ ಹಿಂದಕ್ಕೆ ಹೊರಟದ್ದು ಇನ್ನೊಂದು ಮೈಗೆ ತಾಗಿ ಮತ್ತೆ ಮುಂದಕ್ಕೆ ನೆಗೆದರೆ ಚುಕ್ಕಿ. ನೂರಕ್ಕೆ 4ರಲ್ಲಿ ಮತ್ತೆ ನೂರಕ್ಕೆ 4 ಪಾಲು ಅಂದರೆ ಮೂಲದ 625ರಲ್ಲಿ ಒಂದು. ಹಗಲಲ್ಲಿ ಉರಿಯುವ ಬೀದಿದೀಪದ 625ರಲ್ಲಿ ಒಂದು ಕಣ್ಣಿಗೆ ಕಾಣದು. ಸೂರ್ಯನದು ಬಿಡಿ, ಮುಚ್ಚಿಟ್ಟರೂ ಕಂಡೀತು. ಆರು ಬಿಲ್ಲೆಗಳ ಲೆನ್ಸಿಗೆ ಹನ್ನೆರಡು ಮೈ. ಎರಡೆರಡರಂತೆ ಜೋಡಿ ಕಟ್ಟಿದರೆ 66 ದಾರಿ. ಗಾಜಿಗೆ ತೆಳುವಾದ ಲೇಪ ಬಳಿದು ಈ ನೆಗೆದಾಟವನ್ನು ಹತ್ತಿಕ್ಕುವ ಉಪಾಯವನ್ನು 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯಲ್ಲಿದ್ದ ಸ್ಮಾಕುಲಾ ಕಂಡುಕೊಂಡರು. ಆದರೆ ಲೇಪ ಎಲ್ಲ ಬಣ್ಣವನ್ನೂ ಒಂದೇ ಸಮ ತಡೆಯುವುದಿಲ್ಲ. ನಡುವಿನ ಹಸಿರು-ಹಳದಿಯನ್ನು ಚೆನ್ನಾಗಿ ತಡೆದರೆ ತುದಿಯ ಕೆಂಪು-ನೀಲಿ ನುಸುಳಿ ನೇರಳೆ ಚುಕ್ಕಿ. ಹಲವು ಪದರದ ಲೇಪಗಳಲ್ಲಿ ಹಸಿರೇ ನುಸುಳುವುದೂ ಉಂಟು. ಬಣ್ಣದ ಗುಟ್ಟು ಇಷ್ಟೇ.

ಮೊಬೈಲಿನ ಹಸಿರು ಚುಕ್ಕಿಯದು ಇನ್ನೊಂದು ಗುಣ. ಚಿತ್ರದ ನಟ್ಟನಡುವೆ ಒಂದು ಕಡಲೆಕಾಳಿಟ್ಟು, ಸೂರ್ಯನಿಂದ ಕಾಳಿನ ಮೇಲೆ ಹಾದುಹೋಗುವಂತೆ ದಾರ ಎಳೆಯಿರಿ. ಕಾಳಿನಿಂದ ಸೂರ್ಯ ಎಷ್ಟು ದೂರವೋ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ, ಆಚೆಬದಿ, ಚುಕ್ಕಿ ಕೂತಿರುತ್ತದೆ. 2019ರ ಡಿಸೆಂಬರ್ 26ರ ಬೆಳಿಗ್ಗೆ, ಸೂರ್ಯಗ್ರಹಣದ ದಿನ, ಹರವೆಯಲ್ಲಿ ಇದನ್ನು ಮೊಬೈಲಿನ ಪರದೆಯ ಮೇಲೆ ನೋಡಿದೆ. ಒಂಬತ್ತೂಕಾಲರ ಹೊತ್ತಿಗೆ ಸೂರ್ಯನ ಬಹುಪಾಲು ಮುಚ್ಚಿತ್ತು. ಪರದೆಯಲ್ಲಿ ಮಾತ್ರ ಸೂರ್ಯ ಎಂದಿನಂತೆ ಸುಣ್ಣದ ಉಂಡೆ. ಅಷ್ಟು ಬೆಳಕಿಗೆ ಆಕಾರ ಕರಗಿಹೋಗಿತ್ತು. ಕೆಳಗಿನ ಮೂಲೆಯ ಹಸಿರು ಚುಕ್ಕಿಯನ್ನು ಹಿಗ್ಗಿಸಿದೆ. ಅದು ಚುಕ್ಕಿಯಲ್ಲ, ಕುಡುಗೋಲು. ತಲೆಕೆಳಗಾದ, ಉಗುರಿನ ಚೂರಿನಷ್ಟು ಸಣ್ಣ, ಹಸಿರು ಗ್ರಹಣ. ನಿಜವಾದ ಸೂರ್ಯನ ಚಿತ್ರ ಸುಳ್ಳು ಹೇಳುತ್ತಿತ್ತು, ಸುಳ್ಳು ಚುಕ್ಕಿ ನಿಜ ಹೇಳುತ್ತಿತ್ತು. ಆ ಹೊತ್ತಿಗೆ ಊರಿನ ಬಾಗಿಲುಗಳೆಲ್ಲ ಮುಚ್ಚಿದ್ದವು, ತೋರಿಸಲು ಒಬ್ಬರೂ ಸಿಗಲಿಲ್ಲ.

ಇನ್ನು ವರ್ಗೀಕರಣ. ಸೂಪ್ರವಗಳು ಏಳು ಬಗೆ: ಏಕಬಿಂದು, ಮಾಲಾಬಿಂದು, ಷಟ್ಕೋನಬಿಂದು (ಹಳೆಯ ಕ್ಯಾಮೆರಾದ ಕಿಂಡಿಗೆ ಆರು ಅಲಗಿದ್ದರೆ ಬರುವುದು), ಮುಸುಕು (ಚುಕ್ಕಿಯಿಲ್ಲದೆ ಇಡೀ ಚಿತ್ರಕ್ಕೆ ಮಜ್ಜಿಗೆ ಸುರಿದಂತಾಗುವುದು), ಜಿಡ್ಡುರೇಖೆ (ಬೋಂಡ ತಿಂದ ಬೆರಳಿನದು, ಪಂಚೆಯಲ್ಲಿ ಒರೆಸಿದರೆ ಪರಿಹಾರ). ಆರನೆಯದು ಮತ್ತು ಏಳನೆಯದು ಇಲ್ಲ. ಏಳು ಅಂದರೆ ತೂಕ ಬರುತ್ತದೆಂದು ಹಾಕಿದ್ದು.

ಬೆಳಕನ್ನು ಬೇಕೆಂದೇ ನೆಗೆಸಿದವರೂ ನಮ್ಮಲ್ಲೇ ಇದ್ದರು. ಮೈಸೂರಿನ ವಿ.ಕೆ. ಮೂರ್ತಿ 1959ರ ‘ಕಾಗಜ್ ಕೆ ಫೂಲ್’ ಚಿತ್ರಕ್ಕೆ ಸ್ಟುಡಿಯೊದ ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಹಾಯಿಸಿ ಒಳಗೆ ಕಂಬದಂತೆ ಇಳಿಸಿದರು. ನನ್ನ ಸೋದರಮಾವ ಇಷ್ಟೆಲ್ಲ ಬಲ್ಲವರಲ್ಲ. ಯಾಶಿಕಾ ಕ್ಯಾಮೆರಾ ಹೊತ್ತು ಹೋಬಳಿಯ ಮದುವೆ ಚಪ್ಪರಗಳಲ್ಲಿ ತಿರುಗಿದವರು. ಎದುರುಬಿಸಿಲಿದ್ದರೆ ಜೇಬಿನಿಂದ ಅದೇ ಮದುವೆಯ ಲಗ್ನಪತ್ರಿಕೆ ತೆಗೆದು, ಅರಿಶಿನ ಹಚ್ಚಿದ ಮೂಲೆ ಹಿಡಿದು, ಲೆನ್ಸಿನ ಮೇಲೆ ಸೂರಿನಂತೆ ಚಾಚುತ್ತಿದ್ದರು. ಪತ್ರಿಕೆ ಇಲ್ಲದಾಗ ಅಂಗೈ. “ಕೈಯ ಅಡ್ಡ ಹಿಡಿ ಕನಾ ಮೊಗ, ಚುಕ್ಕಿ ಓಡೋಯ್ತದ.” ಅವರ ಸೂಪ್ರವಸಿದ್ಧಾಂತ ಅಲ್ಲಿಗೆ ಮುಗಿಯುತ್ತಿತ್ತು.

ಇಷ್ಟು ಸಣ್ಣ ಮಾತು ಗೊತ್ತಿಲ್ಲದೆ ಒಬ್ಬಳಿಗೆ ಬೆಳೆ ಪರಿಹಾರ ತಪ್ಪಿದ್ದನ್ನು ನೋಡಿದ ಮೇಲೆ ಈ ಪ್ರಬಂಧದ ಭಾಷೆ ನನ್ನ ಕೈಲಿ ಮುಂದುವರಿಯುತ್ತಿಲ್ಲ. ಹಂದಿ ನುಗ್ಗಿ ಜೋಳ ಹಾಳಾದ ಮುದುಕಿಯೊಬ್ಬಳು. ಕೂಲಿಗೆ ಹೋಗುವ ಮುಂಚೆ, ಬೆಳಿಗ್ಗೆಯೇ ಹೊಲದಲ್ಲಿ ನಿಲ್ಲಿಸಿ ಮೊಮ್ಮಗ ಫೋಟೊ ತೆಗೆದಿದ್ದ, ಮೂಡಲ ಬಿಸಿಲಿಗೆ ಎದುರಾಗಿ. ಹಸಿರು ಚುಕ್ಕಿ ಸರಿಯಾಗಿ ಹಣೆಯ ಮೇಲೆ ಬಿದ್ದಿತ್ತು. ಕಚೇರಿಯಲ್ಲಿ ಫೋಟೊ ನೋಡಿದವರು, ಇದನ್ನು ತಿದ್ದಿದ್ದೀರಿ, ಬೇರೆ ತನ್ನಿ ಅಂದರು. ಆಕೆಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಕಣ್ಣಿಗೆ ಹತ್ತಿರ ಹಿಡಿದು ನೋಡಿ, “ನಾನ್ಯಾಕ ಬುದ್ಧಿ ಬೊಟ್ಟ ಇಕ್ಕಳ್ಳಿ?” ಅಂದಳು. ಗಂಡ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಕೌಂಟರಿನ ಆಚೆ ಯಾರೋ ನಕ್ಕರು. ನಗುವವರಿಗೆ ಪದವಿಯಿತ್ತು, ತಲೆಯ ಮೇಲೆ ಫ್ಯಾನಿತ್ತು, ಕೈಯಲ್ಲಿ ನನ್ನದಕ್ಕಿಂತ ಒಳ್ಳೆಯ ಮೊಬೈಲಿತ್ತು. ಕಿಟಕಿಯಾಚೆ ಒಂದು ಸಲ ಹಿಡಿದು ನೋಡಿದ್ದರೆ ಅವರ ಫೋಟೊದಲ್ಲೂ ಅದೇ ಚುಕ್ಕಿ ಬರುತ್ತಿತ್ತು. ಹಿಡಿಯಲಿಲ್ಲ.

ಮರುದಿನ ನಾನೇ ಹೋದೆ. ಅಷ್ಟರಲ್ಲಿ ಮುರಿದ ಜೋಳದ ಕಡ್ಡಿಯನ್ನು ದನಗಳು ಮೇದು, ಹೊಲ ಬರೀ ಹೊಲವಾಗಿತ್ತು. ಆದರೂ ಆಕೆಯನ್ನು ನಿಲ್ಲಿಸಿ, ಎಡಗೈ ಎತ್ತಿ ಸೂರ್ಯನಿಗೆ ಅಡ್ಡ ಹಿಡಿದು ಕ್ಲಿಕ್ಕಿಸಿದೆ. ಹಣೆ ಸ್ವಚ್ಛ ಬಂತು. ಮೇಲಿನ ಮೂಲೆಯಲ್ಲಿ ನನ್ನ ಬೆರಳ ತುದಿ ಚೂರು ಸಿಕ್ಕಿಹಾಕಿಕೊಂಡಿತ್ತು. ಕಚೇರಿಯಲ್ಲಿ ಫೋಟೊ ತಿರುಗಿಸಿ ತಿರುಗಿಸಿ ನೋಡಿ ಕೇಳಿದರು: “ಇದು ಯಾರ ಬೆರಳು?”