ಋಷಿಮೂಲ, ನದೀಮೂಲ, ಆಯಿಲ್ ಮೂಲ

ಋಷಿಮೂಲ, ನದೀಮೂಲ ಹುಡುಕಬಾರದು ಅಂತ ಹಿರಿಯರು ಹೇಳಿಹೋಗಿದ್ದಾರೆ. ಪಾಪ, ಅವರ ಕಾಲಕ್ಕೆ ಹಳೇ ಲಾರಿ ಇರಲಿಲ್ಲ. ಇದ್ದಿದ್ದರೆ ಆಯಿಲ್ ಮೂಲವನ್ನೂ ಖಂಡಿತ ಸೇರಿಸಿರುತ್ತಿದ್ದರು.

ಚನ್ನಗಿರಿಯಲ್ಲಿರುವ ನನ್ನ ಸೋದರಮಾವನ ಲಾರಿಗೆ ಇವತ್ತಿಗೂ ಕೆಎ-14 ನಂಬರು. ಅದು ಶಿವಮೊಗ್ಗದ ನಂಬರು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಇತ್ತ ಬಂದವು. ಆಮೇಲೆ ಹೊನ್ನಾಳಿಯೊಳಗಿಂದ ನ್ಯಾಮತಿಯೂ ಬೇರೆ ತಾಲ್ಲೂಕಾಗಿ ಹೊರಬಿತ್ತು. ಇಷ್ಟೆಲ್ಲ ಗಡಿ ಅತ್ತಿತ್ತ ಆದರೂ ಮಾವನ ಲಾರಿ ಮಾತ್ರ ನಿಂತಲ್ಲೇ ನಿಂತು ಹನಿಸುತ್ತಿತ್ತು. ಬೆಳಗಾದರೆ ಅದರ ಅಡಿಯಲ್ಲಿ ಒಂದು ಕೆಂಪು ಕಲೆ.

ಬೇರೆ ಸೀಮೆಯಲ್ಲಾಗಿದ್ದರೆ ಕೆಂಪು ಕಂಡ ಕೂಡಲೇ ಪತ್ತೆ ಮುಗಿಯುತ್ತಿತ್ತು. ಕಪ್ಪಗಿದ್ದರೆ ಇಂಜಿನ್ ಆಯಿಲ್. ಮಂದವಾಗಿದ್ದು ಗಂಧಕದ ವಾಸನೆ ಮೂಗಿಗೆ ಹೊಡೆದರೆ ಗೇರ್ ಆಯಿಲ್. ಕೆಂಪಗೆ ತೆಳ್ಳಗಿದ್ದರೆ ಪವರ್ ಸ್ಟೇರಿಂಗಿನದು. ಆದರೆ ಚನ್ನಗಿರಿ ಅಡಿಕೆಯ ಊರು. ಇಲ್ಲಿ ನೆಲದ ಮೇಲಿನ ಕೆಂಪಿಗೆ ಹಕ್ಕುದಾರರು ಬಹಳ. ಮೊದಲನೆಯವರು ಎಲೆಅಡಿಕೆ ಹಾಕಿಕೊಂಡು ಲಾರಿ ಮರೆಯಲ್ಲಿ ನಿಂತು ಮಾತಾಡುವ ಮಹನೀಯರು. ಇನ್ನೊಂದು, ಸುಗ್ಗಿಯಲ್ಲಿ ಅಡಿಕೆ ಬೇಯಿಸಿದ ಚೊಗರು: ಡ್ರಮ್ಮಿನಲ್ಲಿ ತುಂಬಿ ಸಾಗಿಸುವಾಗ ಚೆಲ್ಲಿದ್ದು ಹಲಗೆ ಸಂದಿಯಿಂದ ದಿನವೆಲ್ಲ ತೊಟ್ಟಿಕ್ಕುತ್ತದೆ. ಹೀಗಾಗಿ ಮಾವ ಬಹಳ ದಿನ ಕಲೆಯನ್ನು ನೋಡಿ ಲಾರಿಯನ್ನು ಬಯ್ಯದೆ ಪಕ್ಕದ ಮನೆಯವರನ್ನು ಬಯ್ಯುತ್ತಿದ್ದರು. ಪಕ್ಕದ ಮನೆಯವರು ಎಲೆಅಡಿಕೆ ಬಿಟ್ಟು ವರ್ಷಗಳಾಗಿದ್ದವು.

ಕೊನೆಗೆ ಅತ್ತೆಯೇ ತೀರ್ಪು ಕೊಟ್ಟರು. ಒಂದು ಚೊಂಬು ನೀರು ತಂದು ಕಲೆಯ ಮೇಲೆ ಸುರಿದರು. ಎಂಜಲು, ಚೊಗರು ಎರಡೂ ನೀರಿನಲ್ಲಿ ಕರಗುವ ಜಾತಿ. ಇದು ಕರಗದೆ ಕಾಮನಬಿಲ್ಲಿನ ಬಣ್ಣ ಬಿಟ್ಟುಕೊಂಡು ಮೇಲೆ ತೇಲಿತು. "ಇದು ನಿಮ್ ಲಾರೀದೇ ರೀ. ಇನ್ನಾರ ಅವರನ್ನ ಬಯ್ಯೋದು ಬಿಡ್ರಿ" ಎಂದು ಒಳಗೆ ಹೋದರು.

ಸ್ಟೇರಿಂಗಿಗೆ ಮಾವ ಹಾಕುತ್ತಿದ್ದ ಆಯಿಲ್ ಡಬ್ಬದ ಮೇಲೆ ಎಟಿಎಫ್ ಎಂದಿತ್ತು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಅವರ ಮಗ ಫೋನಿನಲ್ಲಿ ಡಬ್ಬದ ಚಿತ್ರ ನೋಡಿ, "ಅಪ್ಪ, ಇದು ಆಟೋಮ್ಯಾಟಿಕ್ ಟ್ರಾನ್ಸ್‌ಮಿಶನ್ ಫ್ಲೂಯಿಡ್. ಆಟೋಮ್ಯಾಟಿಕ್ ಗೇರಿನ ಗಾಡಿಗೆ ಹಾಕೋದು" ಅಂದ. ಮಾವನಿಗೆ ಗಾಬರಿಗಿಂತ ಹೆಮ್ಮೆಯೇ ಹೆಚ್ಚಾಯಿತು. ಗೇರು ಹಾಕಲು ಎರಡು ಕೈಯೂ ಒಂದು ಬೈಗುಳವೂ ಬೇಕಾಗಿದ್ದ ಲಾರಿ ಸಂಜೆಯೊಳಗೆ ಓಣಿಯಲ್ಲೆಲ್ಲ ಆಟೋಮ್ಯಾಟಿಕ್ ಆಗಿತ್ತು.

ಹುಡುಗ ಹೇಳಿದ್ದು ಅರ್ಧ ನಿಜ. ಈ ಆಯಿಲ್ ಹುಟ್ಟಿದ್ದು ಕ್ಲಚ್ ತುಳಿಯದ ಅಮೆರಿಕದ ಕಾರುಗಳಿಗಾಗಿಯೇ. 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರಿನಲ್ಲಿ ಹೈಡ್ರಾಮ್ಯಾಟಿಕ್ ಎಂಬ ಗೇರ್ ಬಾಕ್ಸ್ ಬಂತು. 1949ರಲ್ಲಿ ಜನರಲ್ ಮೋಟಾರ್ಸ್ ಕಂಪನಿ ಅದರ ಆಯಿಲ್ ಹೇಗಿರಬೇಕೆಂದು ಗೊತ್ತುಮಾಡಿತು. 1970ರ ದಶಕದ ಆರಂಭದವರೆಗೂ ಅದರಲ್ಲಿ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರಂತೆ ಎಂದಾಗ, ಸೂಳೆಕೆರೆಯ ಮೀನು ಬಿಟ್ಟು ಬೇರೇನೂ ಕಾಣದ ಮಾವ ಕೈ ತೊಳೆದುಕೊಂಡು ಬಂದರು. ಈ ಆಯಿಲಿಗೆ ಕೆಂಪು ಬಣ್ಣ ಬೆರೆಸುವುದೇ ಸೋರಿದರೆ ಇಂಜಿನ್ ಆಯಿಲ್ ಯಾವುದು, ಇದು ಯಾವುದು ಎಂದು ತಿಳಿಯಲಿ ಅಂತ. ಬಣ್ಣ ಆರಿಸಿದ ಪುಣ್ಯಾತ್ಮರು ಚನ್ನಗಿರಿಗೆ ಬಂದವರಲ್ಲ. ತೆಳುವಾಗಿ, ಒತ್ತಡಕ್ಕೂ ಕಾವಿಗೂ ಜಗ್ಗದೆ ಇರುವುದರಿಂದ ಅದೇ ಆಯಿಲ್ ನಮ್ಮ ಲಾರಿಗಳ ಪವರ್ ಸ್ಟೇರಿಂಗಿಗೂ ಬಂತು. ಮಾವನ ಲಾರಿಗಂತೂ ಆ ಸ್ಟೇರಿಂಗನ್ನೇ ಆಮೇಲೆ ಕೂರಿಸಿದ್ದು.

ಇಷ್ಟಾದರೂ ಲಾರಿಯ ಅಡಿ ತೂರಿ ನೋಡಿದವರಿಗೆಲ್ಲ ಒದ್ದೆಯಾಗಿ ಕಾಣುತ್ತಿದ್ದದ್ದು ಗೇರ್ ಬಾಕ್ಸೇ. ಹೊನ್ನಾಳಿಯ ಒಬ್ಬ ಮೇಸ್ತ್ರಿ ಬಗ್ಗಿಯೂ ನೋಡದೆ "ಗೇರ್ ಬಾಕ್ಸ್ ಇಳಿಸ್ಬೇಕಾಗ್ತತಿ ಗೌಡ್ರೇ" ಅಂದ. ಅವನ ಬಳಿ ಗೇರ್ ಬಾಕ್ಸ್ ಇಳಿಸುವ ಹೊಸ ಜಾಕ್ ಇತ್ತು, ಬಳಸಲು ಗಿರಾಕಿ ಇರಲಿಲ್ಲ. ತುಂಗಭದ್ರೆಯ ಸೇತುವೆ ದಾಟುವವರೆಗೂ ಮಾವ ಅದನ್ನೇ ಯೋಚಿಸುತ್ತಿದ್ದರು. ಇನ್ನೊಂದು ದಿನ ನ್ಯಾಮತಿಯಲ್ಲಿ ಚಾ ಕುಡಿಯಲು ನಿಲ್ಲಿಸಿದರೆ ಹೋಟೆಲಿನ ಗಿರಾಕಿಗಳೆಲ್ಲ ಗ್ಲಾಸು ಹಿಡಿದುಕೊಂಡೇ ಎದ್ದು ಬಂದರು. ಒಬ್ಬರು ಸೀಲ್ ಅಂದರು, ಇನ್ನೊಬ್ಬರು ಪಂಪ್ ಅಂದರು. ಜೀವಮಾನದಲ್ಲಿ ಸೈಕಲ್ಲೂ ತುಳಿಯದ ಹಿರಿಯರೊಬ್ಬರು ದೃಷ್ಟಿ ಅಂದರು. ಮೆಕ್ಕೆಜೋಳದ ದರ ಕುಸಿದ ಕಾಲದಲ್ಲಿ ಅಷ್ಟು ಜನಕ್ಕೆ ಅಷ್ಟು ಹೊತ್ತು ಬೇಸರ ಕಳೆದದ್ದು ಸಣ್ಣ ಸೇವೆಯಲ್ಲ.

ಮೂಲ ಸಿಕ್ಕಿದ್ದು ಜಗಳೂರಿನಲ್ಲಿ. ಆ ಊರಿನವರಿಗೆ ತೊಟ್ಟು ನೀರಿನ ಬೆಲೆಯೂ ಗೊತ್ತು, ಹನಿ ಕಂಡರೆ ಸುಮ್ಮನಿರುವವರಲ್ಲ. ಅಲ್ಲಿನ ಮುದುಕ ಮೇಸ್ತ್ರಿ ಮೊದಲು ಕೇಳಿದ್ದು ಒಂದೇ: "ನಿಂತಾಗ ಬೀಳ್ತತೋ, ಓಡ್ವಾಗ ಬೀಳ್ತತೋ?" ಇದುವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ಇಂಜಿನ್ ಓಡುವಾಗ ಪಂಪಿನಿಂದ ಸ್ಟೇರಿಂಗ್ ಬಾಕ್ಸಿಗೆ ಹೋಗುವ ಪೈಪಿನಲ್ಲಿ ಭಾರೀ ಒತ್ತಡ. ಅದು ಬಿಟ್ಟುಕೊಂಡರೆ ಸ್ಟೇರಿಂಗ್ ತಿರುಗಿಸಿದಾಗಲೇ ಚಿಮ್ಮುತ್ತದೆ. ರಾತ್ರಿ ಸುಮ್ಮನೆ ನಿಂತ ಗಾಡಿಯಲ್ಲಿ ತೊಟ್ಟಿಕ್ಕಿದರೆ ಒತ್ತಡವಿಲ್ಲದ ವಾಪಸ್ ಪೈಪೋ, ಆಯಿಲ್ ಡಬ್ಬವೋ ಅನುಮಾನದಲ್ಲಿ ಬರುತ್ತದೆ. ಇದಕ್ಕಿಂತ ಕೆಟ್ಟದ್ದೂ ಉಂಟು. ಗೇರಿನಿಂದ ತಿರುಗುವ ಪಂಪಿನ ಒಳಸೀಲು ಹೋದರೆ ಹೊರಗೆ ಒಂದು ಹನಿಯೂ ಬೀಳುವುದಿಲ್ಲ. ಸ್ಟೇರಿಂಗ್ ಆಯಿಲ್ ಸದ್ದಿಲ್ಲದೆ ಇಂಜಿನ್ನಿನೊಳಗೆ ಸೇರಿಕೊಳ್ಳುತ್ತದೆ. ಮಾವ ಇದನ್ನು ಕೇಳಿ ತಮ್ಮ ಲಾರಿ ಹೊರಗೆ ಸೋರುವ ಸಭ್ಯತೆ ಉಳಿಸಿಕೊಂಡಿದೆಯಲ್ಲ ಎಂದು ಸಮಾಧಾನಪಟ್ಟರು.

ಮೇಸ್ತ್ರಿ ಡೀಸೆಲ್ ಹಾಕಿ ಎಲ್ಲವನ್ನೂ ತೊಳೆಸಿದ. ಬಟ್ಟೆಯಿಂದ ಒರೆಸಿ ಒಣಗಿಸಿ, "ಪೌಡರ್ ಐತಾ?" ಅಂದ. ಮಾವ ಯಾವ ಪೌಡರ್ ಅಂದರು. "ಮುಖಕ್ಕೆ ಹಚ್ಕಳದು." ಅದೃಷ್ಟವಶಾತ್ ಜಾತ್ರೆಗೆಂದು ಜೊತೆಗೆ ಬಂದಿದ್ದ ಅತ್ತೆಯ ಚೀಲ ಕ್ಯಾಬಿನ್ನಿನಲ್ಲೇ ಇತ್ತು, ಅತ್ತೆ ಇರಲಿಲ್ಲ, ನೆಂಟರ ಮನೆಗೆ ಹೋಗಿದ್ದರು. ಸ್ಟೇರಿಂಗ್ ಬಾಕ್ಸು, ಪೈಪು, ಗೇರ್ ಬಾಕ್ಸು ಎಲ್ಲಕ್ಕೂ ಧಾರಾಳವಾಗಿ ಪೌಡರು ಬಿತ್ತು. ಮೂವತ್ತು ವರ್ಷದಲ್ಲಿ ಮೊದಲ ಬಾರಿ ಲಾರಿ ಮದುವೆ ಮನೆಯ ವಾಸನೆ ಹೊಡೆಯಿತು. ಊರು ಸುತ್ತಿಸಿ ತಂದು ನಿಲ್ಲಿಸಿ ನೋಡಿದರೆ ಬಿಳಿಯ ಮೇಲೆ ಕೆಂಪು ಗೆರೆ ಸ್ಪಷ್ಟ. "ಕೆಳಗ ಯಾಕ ನೋಡ್ತೀರಿ, ಮ್ಯಾಲ ನೋಡ್ರಿ. ಎಲ್ಲಕ್ಕಿಂತ ಮ್ಯಾಲ, ಎಲ್ಲಕ್ಕಿಂತ ಮುಂದ ಎಲ್ಲಿ ಹಸಿ ಐತೋ ಅಲ್ಲೇ ಕಳ್ಳ" ಎಂದ ಮೇಸ್ತ್ರಿ. ವಾಪಸ್ ಪೈಪಿನ ಕ್ಲಿಪ್ಪು ತುಕ್ಕು ಹಿಡಿದು ಸಡಿಲಾಗಿತ್ತು. ಅಲ್ಲಿಂದ ಒಸರಿದ್ದು ಓಡುವಾಗಿನ ಗಾಳಿಗೆ ಹಿಂದಕ್ಕೆ ಹರಿದು, ನಿರಪರಾಧಿ ಗೇರ್ ಬಾಕ್ಸಿನ ಬುಡದಿಂದ ತೊಟ್ಟಿಕ್ಕುತ್ತಿತ್ತು.

ಒಂದು ತುಂಡು ಹೋಸು, ಎರಡು ಕ್ಲಿಪ್ಪು, ಮೇಲೆ ಒಂದಿಷ್ಟು ಆಯಿಲ್. ಮೇಸ್ತ್ರಿ ಕೇಳಿದ ಮಜೂರಿ ಎಷ್ಟು ಕಡಿಮೆಯೆಂದರೆ ಚೌಕಾಸಿ ಮಾಡಲು ಮಾವನಿಗೇ ನಾಚಿಕೆಯಾಯಿತು. ಖರ್ಚು ಬಂದದ್ದು ಆಮೇಲೆ. ಅತ್ತೆ ಬಂದು ಚೀಲ ತೆಗೆದು, ಹಗುರಾದ ಡಬ್ಬಿಯನ್ನೂ ಘಮ್ಮೆನ್ನುವ ಲಾರಿಯನ್ನೂ ಒಮ್ಮೆ ನೋಡಿ, ಒಂದು ಮಾತೂ ಆಡದೆ ಪೇಟೆಯ ಕಡೆ ನಡೆದರು. ಪೌಡರಿನ ಜೊತೆಗೆ ಒಂದು ಸೀರೆಯೂ ಬಂತು. ಮಾವನ ಲೆಕ್ಕದ ಪುಸ್ತಕದಲ್ಲಿ ಎರಡೂ "ಸ್ಟೇರಿಂಗ್ ರಿಪೇರಿ" ಎಂಬ ಬಾಬಿನಲ್ಲೇ ಇವೆ.