ಗರಗಸಮೌನ ಮೀಮಾಂಸೆ (ಪೂರ್ವಪಕ್ಷ ಮಾತ್ರ)

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಕಾಫಿ ತೋಟಗಳಲ್ಲಿ ಮರಗಸಿಯ, ಅಂದರೆ ನೆರಳುಮರಗಳ ಕೊಂಬೆ ಸವರುವ, ಕಾಲಕ್ಕೆ ಸರಿಯಾಗಿ ಚೈನ್ ಗರಗಸವು ಮೌನಕ್ಕೆ ಶರಣಾಗುವ ವಿದ್ಯಮಾನವನ್ನು ತಾತ್ವಿಕ, ಸಾಂಸ್ಕೃತಿಕ ಹಾಗೂ ಕಾರ್ಬೊರೇಟರೀಯ ನೆಲೆಗಳಲ್ಲಿ ನಿರ್ವಚಿಸುವುದು ಪ್ರಸ್ತುತ ಪ್ರಬಂಧದ ಆಶಯ. ಪೂರ್ವಸೂರಿಗಳು ಇದನ್ನು ‘ಸ್ಟಾರ್ಟ್ ಆಗ್ತಿಲ್ಲ’ ಎಂಬ ಎರಡೇ ಪದಗಳಲ್ಲಿ ಮುಗಿಸಿರುವುದು ಶೋಚನೀಯ.

ನ್ಯಾಯ-ವೈಶೇಷಿಕರು ಅಭಾವವನ್ನು ನಾಲ್ಕಾಗಿ ವಿಂಗಡಿಸಿದ್ದಾರೆ. ಗರಗಸಕ್ಕೂ ಅಷ್ಟು ಸಾಕು.

ಮೊದಲನೆಯದು ಪ್ರಾಗಭಾವ. ಇದಕ್ಕೆ ಆದಿಯಿಲ್ಲ, ಅಂತ್ಯ ಉಂಟು ಎಂದು ಶಾಸ್ತ್ರ ಭರವಸೆ ಕೊಡುತ್ತದೆ. ಸಾಧಕನು ಚೋಕ್ ಹಾಕಿ ಹಗ್ಗ ಜಗ್ಗುತ್ತಾನೆ. ಮೂರನೆಯದೋ ನಾಲ್ಕನೆಯದೋ ಎಳೆತಕ್ಕೆ ಯಂತ್ರ ಒಮ್ಮೆ ಕೆಮ್ಮುತ್ತದೆ. ಆ ಕೆಮ್ಮೇ ಶ್ರುತಿವಾಕ್ಯ: ಇನ್ನು ಚೋಕ್ ತೆಗೆ. ತೆಗೆಯದೆ ಇಪ್ಪತ್ತು ಸಲ ಜಗ್ಗಿದ ನಾಸ್ತಿಕನ ಪ್ಲಗ್ಗು ಪೆಟ್ರೋಲಿನಲ್ಲಿ ಮಿಂದು, ಒದ್ದೆ ಮಡಿ ಉಟ್ಟು, ಕಿಡಿಯನ್ನು ಮೈಲಿಗೆಯೆಂದು ದೂರವಿಡುತ್ತದೆ. ಪ್ರಾಯಶ್ಚಿತ್ತ: ಸ್ವಿಚ್ ಆಫ್ ಮಾಡಿ, ಪ್ಲಗ್ ಬಿಚ್ಚಿ ಒರೆಸಿ, ಪ್ಲಗ್ಗಿಲ್ಲದೆಯೇ ಹತ್ತು ಸಲ ಹಗ್ಗ ಎಳೆದು ಹೊಟ್ಟೆಯಲ್ಲಿದ್ದದ್ದನ್ನು ಕಕ್ಕಿಸುವುದು. ಪ್ಲಗ್ಗಿನ ಸಂದು ಸಾಮಾನ್ಯವಾಗಿ 0.5 ಮಿಲಿಮೀಟರ್, ಜ್ಞಾನಕ್ಕೂ ಅಜ್ಞಾನಕ್ಕೂ ನಡುವಿನ ಸಂದಿನ ಅಳತೆ ಇನ್ನೂ ಸಂಶೋಧನೆಯ ಹಂತದಲ್ಲಿದೆ.

ಎರಡನೆಯದು ಪ್ರಧ್ವಂಸಾಭಾವ: ಆದಿ ಉಂಟು, ಅಂತ್ಯವಿಲ್ಲ. ಹೊತ್ತಿದ ಯಂತ್ರ ಸಿಲ್ವರ್ ಓಕಿನ ಕೊಂಬೆಗೆ ತಾಗಿದೊಡನೆ ಪ್ರಾಣ ಬಿಡುತ್ತದೆ. ಏರ್ ಫಿಲ್ಟರಿನಲ್ಲಿ ಮರದ ಹುಡಿ ಕಟ್ಟಿರಬಹುದು. ಐದು ನಿಮಿಷ ಓಡಿ ನಿಂತು, ಟ್ಯಾಂಕಿನ ಮುಚ್ಚಳ ಸಡಿಲಿಸಿದಾಗ ‘ಸುಸ್ಸ್’ ಎಂದು ಗಾಳಿ ಎಳೆದುಕೊಂಡರೆ ಟ್ಯಾಂಕಿಗೆ ಉಸಿರಾಡುವ ದಾರಿ ಮುಚ್ಚಿದೆ ಎಂಬುದಕ್ಕೆ ಪ್ರತ್ಯಕ್ಷವೇ ಪ್ರಮಾಣ.

ಅತ್ಯಂತಾಭಾವವು ಮೂರು ಕಾಲದಲ್ಲೂ ಇಲ್ಲದಿರುವುದು. ಉದಾಹರಣೆಗೆ ಮೊಲದ ಕೊಂಬು, ‘ನಾಳೆ ಬರುತ್ತೆ’ ಎಂದ ಬಿಡಿಭಾಗ. ಅನ್ಯೋನ್ಯಾಭಾವ ಬಿಡಿ. ಘಟವು ಪಟವಲ್ಲ ಎಂದು ಹೇಳಿಸಿಕೊಳ್ಳಲು ತೋಟದಲ್ಲಿ ಯಾರಿಗೂ ಪುರುಸೊತ್ತಿಲ್ಲ.

ನನಗೆ ಈ ಭಾಷೆ ಅಂಟಿದ್ದು ಒಂದು ಕಾರ್ಯಾಗಾರದಲ್ಲಿ. ದೀಪ ಬೆಳಗಿ, ಶಾಲು ಹೊದಿಸಿ, ‘ಯಾಂತ್ರೀಕರಣದ ಮೂಲಕ ಸುಸ್ಥಿರ ಸಬಲೀಕರಣ’ದ ಬಗ್ಗೆ ಊಟದ ಹೊತ್ತಿನವರೆಗೆ ಮಾತಾಡಿದರು. ಪ್ರಾತ್ಯಕ್ಷಿಕೆಗೆ ತಂದ ಗರಗಸ ಸ್ಟಾರ್ಟ್ ಆಗಲಿಲ್ಲ. ನನ್ನ ಜೊತೆ ಬಂದಿದ್ದ ಮರಗಸಿಯ ಮೇಸ್ತ್ರಿ ಹಿಂದಿನಿಂದ ಬಂದು ಪ್ಲಗ್ ಬಿಚ್ಚಿ ಮೂಸಿ, “ಕುಡ್ಸಿಬಿಟ್ಟಿದೀರಿ ಸಾರ್” ಎಂದ. ಎರಡೇ ಎಳೆತಕ್ಕೆ ಹೊತ್ತಿಸಿದ. ಪ್ರಮಾಣಪತ್ರ ಸಿಕ್ಕಿದ್ದು ಮಾತ್ರ ನನಗೆ.

ಕುಡಿಸುವ ಮಾತು ಬಂತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು. ಐದರಲ್ಲೊಂದು ಪಾಲು ಎಥನಾಲ್. ಎಥನಾಲಿಗೆ ನೀರೆಂದರೆ ಮೋಹ. ಕೊಟ್ಟಿಗೆಹಾರದ ಆಷಾಢದ ಗಾಳಿಯಲ್ಲಿ ನೀರಿಗೇನು ಬರವೇ? ಕ್ಯಾನಿನಲ್ಲಿ ತಿಂಗಳುಗಟ್ಟಲೆ ಇಟ್ಟದ್ದು ಸಾಕಷ್ಟು ನೀರು ಹೀರಿದರೆ ಒಡೆದು, ನೀರೂ ಎಥನಾಲೂ ತಳದಲ್ಲಿ ಕೂರುತ್ತವೆ. ಟ್ಯಾಂಕಿನೊಳಗಿನ ಫಿಲ್ಟರ್ ಹೀರುವುದೂ ತಳದಿಂದಲೇ. ಹಲವು ಗರಗಸಗಳ ಕೈಪಿಡಿ ಎಥನಾಲು ಶೇ 10 ಮೀರಬಾರದು ಎನ್ನುತ್ತದೆ. ಹಾಗೆಂದು ಬಂಕಿನಲ್ಲಿ ಹೇಳಿ ನೋಡಿ, ನಿಮ್ಮ ಹಿಂದಿನ ಬೈಕಿನವನು ಹಾರ್ನ್ ಹೊಡೆಯುತ್ತಾನೆ. ಲೀಟರಿಗೆ 20 ಮಿ.ಲೀ. ಟೂಟಿ ಆಯಿಲನ್ನು ಸಿರಿಂಜಿನಲ್ಲಿ ಅಳೆದು ಹಾಕುವ ಮೇಸ್ತ್ರಿಗೆ ಈ ಶೇಕಡಾವಾರಿನ ಬಗ್ಗೆ ಯಾರೂ ಒಂದು ಮಾತು ಹೇಳಲಿಲ್ಲ. ಕಾರ್ಬೊರೇಟರಿನ ಡಯಾಫ್ರಾಮು ಸೆಟೆದಾಗ ಬೈಸಿಕೊಂಡವನು ಅವನೇ. ಬೈದವನು ನಾನು.

ಗರಗಸದ ಸಾವಿಗೆ ಇಷ್ಟು ಶಾಸ್ತ್ರ ಬರೆದೆ. ಮರಗಸಿ ಮಾಡುವಾಗ ಅಲ್ಯುಮಿನಿಯಂ ಏಣಿ ಕರೆಂಟಿನ ತಂತಿಗೆ ತಾಗಿಯೋ, ಕೊಂಬೆಯಿಂದ ಜಾರಿಯೋ ಸತ್ತವನ ಸುದ್ದಿ ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು. ಅದು ಯಾವ ಅಭಾವ? ಪ್ರಧ್ವಂಸವೆಂದು ಬರೆದುಕೊಳ್ಳಬಹುದು, ಆದಿ ಉಂಟು, ಅಂತ್ಯವಿಲ್ಲ. ಬರೆಯಲು ಕೈ ಬರುವುದಿಲ್ಲ.

ಇದನ್ನು ಬರೆಯುತ್ತಿರುವಾಗ ಮೇಸ್ತ್ರಿ ಅಂಗಳದಲ್ಲಿ ಚೈನಿಗೆ ಅರ ಹಾಕುತ್ತಿದ್ದಾನೆ. “ಗೌಡ್ರೆ, ಮಳೆ ಹಿಡಿಯೋ ಮುಂಚೆ ರಸ್ತೆ ಬದಿದು ಮುಗ್ಸಣ” ಎಂದ. ತಲೆಗೆ ಟವೆಲ್, ಕಾಲಿಗೆ ಹವಾಯಿ ಚಪ್ಪಲಿ. ಕಾರ್ಯಾಗಾರದಲ್ಲಿ ಕೊಟ್ಟ ಸುರಕ್ಷತಾ ಬೂಟು ಅಟ್ಟದ ಮೇಲೆ ಡಬ್ಬಿಯಲ್ಲೇ ಇದೆ. ನನ್ನ ಅಳತೆಗೆ ಕೊಟ್ಟದ್ದು, ಒಂಬತ್ತು ನಂಬರಿನದು. ಅವನದು ಏಳು.