ವಾಲ್ವ್ ಕಾಯುವಷ್ಟರಲ್ಲಿ
ಕರ್ಜಗಿಯ ಕಾರಹುಣ್ಣಿಮೆಗೆ ಬರುವ ನೆಂಟರಲ್ಲಿ ಒಂದು ಪಂಗಡ ಎತ್ತು, ಬಂಡಿ ಯಾವುದನ್ನೂ ನೋಡುವುದಿಲ್ಲ. ಅವರ ಕಣ್ಣೆಲ್ಲ ಅಟ್ಟದ ಮೇಲೆ. ಅಲ್ಲೊಂದು ಮರ್ಫಿ ರೇಡಿಯೋ, ಹಿತ್ತಾಳೆ ಪಂಪ್ ಸ್ಟೋವ್ ಕಂಡರೆ ಹೋಳಿಗೆಯೂ ಬೇಡ. ಇಂಥ ಇಬ್ಬರು ಒಂದೇ ಕಟ್ಟೆಗೆ ಕೂತರಂತೂ ಮುಗಿಯಿತು.

ವಾಲ್ವ್ ರೇಡಿಯೋದ ಗುಣವೇ ಸ್ನೇಹಕ್ಕೆ ಅನುಕೂಲ. ಗುಂಡಿ ತಿರುವಿದ ಕೂಡಲೇ ಅದು ಬಾಯಿಬಿಡುವುದಿಲ್ಲ. ಒಳಗಿನ ತಂತಿ ಕೆಂಪಗೆ ಕಾಯಬೇಕು, ಆಮೇಲೆ ಗೊರಗೊರ. ಅಷ್ಟರಲ್ಲಿ ‘ಯಾವೂರಾತರೀ ನಿಮ್ದು?’ ಎಂದು ಶುರುವಾದ ಮಾತು ಬ್ಯಾಡಗಿ ಮೆಣಸಿನಕಾಯಿ ದರ ದಾಟಿ ಕನ್ಯೆ-ವರದವರೆಗೆ ಹೋಗಿರುತ್ತದೆ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ. ಆಗ ರೇಡಿಯೋ ಇಡಲು ಲೈಸೆನ್ಸ್ ಬೇಕಿತ್ತು, ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಬೇಕಿತ್ತು. ಅಜ್ಜನ ಆ ಲೈಸೆನ್ಸ್ ಪುಸ್ತಕ ಕಿಸೆಯಿಂದ ತೆಗೆದವನಿಗೆ ಈ ಬಳಗದಲ್ಲಿ ಬೀಗರ ಮರ್ಯಾದೆ.

‘ಇದು ನಡೀತೈತೇನ್ರಿ?’ ಎಂದು ಕೇಳಿದವನು ಹೊರಗಿನವನು. ‘ನಡೀಲಿಲ್ಲಂದ್ರ ಏನಾತು ಕಾಕಾ, ನಡೀಲಾರದ್ದು ನಮ್ಮನ್ಯಾಗೂ ಎರಡು ಅದಾವ’ ಎಂದವನೇ ಆಪ್ತ. ಬಿಡಿಭಾಗ ಸಿಗುವುದಿಲ್ಲವಲ್ಲ, ಒಬ್ಬರ ಗುಂಡಿ ಇನ್ನೊಬ್ಬರ ಪೆಟ್ಟಿಗೆಗೆ ಹೋಗುತ್ತದೆ.

ಇವರ ಹೆಂಡಂದಿರ ಗೆಳೆತನ ಇನ್ನೂ ಗಟ್ಟಿ. ಗುಜರಿಯವನು ಓಣಿಗೆ ಬಂದ ಕೂಡಲೇ ಒಬ್ಬರಿಗೊಬ್ಬರು ಫೋನ್ ಹಚ್ಚುತ್ತಾರೆ.